ಡೈರಿಯಲ್ಲಿ ನಿಜ ಬರೆದೆ, ಅವ್ವ ಮಾತು ಬಿಟ್ಟಳು

ಪ್ರಶ್ನೆ: ನಾನು ಗಂಗಾವತಿಯವಳು, ವಯಸ್ಸು 29. ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುವ ಕೆಲಸ. ತಮ್ಮ ಸಾಲ ಮಾಡಿ ಹಳೇ ಟ್ರ್ಯಾಕ್ಟರ್ ತಗೊಂಡ. ಎರಡನೇ ಬೆಳೆಗೆ ಕಾಲುವೆ ನೀರು ಬರಲಿಲ್ಲ, ಗಾಡಿಗೆ ಕೆಲಸ ಸಿಗಲಿಲ್ಲ. ಆಗಿನಿಂದ ಕಂತು ನನ್ನ ಸಂಬಳದಲ್ಲೇ ಹೋಗ್ತಿದೆ. ಮನಸ್ಸಿಗೆ ಸಮಾಧಾನ ಆಗಲಿ ಅಂತ ಒಂದು ವಿಡಿಯೊ ನೋಡಿ ಡೈರಿ ಶುರು ಮಾಡಿದೆ. ದಿನಾ ಮಲಗುವ ಮುಂಚೆ ‘ನಾನು ಖುಷಿಯಾಗಿದ್ದೇನೆ, ನನ್ನ ಬಾಳು ಚೆನ್ನಾಗಿದೆ’ ಅಂತಲೇ ಬರೆಯಬೇಕು, ಕೆಟ್ಟದ್ದು ಒಂದಕ್ಷರ ಬರೆಯಬಾರದು ಅಂದಿದ್ದರು. ಬರೆದಷ್ಟೂ ಅಳು ಬರ್ತಿತ್ತು. ಒಂದಿನ ತಡೆಯಲಾರದೆ ತಮ್ಮನ ಮೇಲಿನ ಸಿಟ್ಟೆಲ್ಲ ಬರೆದೆ. ಅವ್ವ ಹಾಸಿಗೆ ಝಾಡಿಸುವಾಗ ಅದು ಕೈಗೆ ಸಿಕ್ಕು, ಓದಿ, ಮಾತು ಬಿಟ್ಟಿದ್ದಾಳೆ. ಡೈರಿ ಸುಟ್ಟುಬಿಡಲಾ? ಇನ್ಮೇಲೆ ಬರೀ ಒಳ್ಳೆಯದನ್ನೇ ಬರೆಯಲಾ?

ಉತ್ತರ: ಸುಡಬೇಡಿ. ಇಡೀ ಡೈರಿಯಲ್ಲಿ ಕೆಲಸಕ್ಕೆ ಬರುವ ಪುಟ ಅದೊಂದೇ ಇರೋ ಹಾಗಿದೆ.

ಮೊದಲು ಆ ಖುಷಿಯ ಸಾಲುಗಳ ವಿಚಾರ. ಬರೆದರೂ ಖುಷಿ ಬರಲಿಲ್ಲ ಅಂದರೆ ತಪ್ಪು ನನ್ನದೇ ಅಂತ ನೀವು ಅಂದುಕೊಂಡಿರ್ತೀರಿ, ಅಲ್ವಾ? ಹಾಗೇನಿಲ್ಲ. ಕೆನಡಾದಲ್ಲಿ ಜೊವಾನ್ ವುಡ್ ಅನ್ನೋ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಯವರು ಇದನ್ನೇ ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದರು. ‘ನನ್ನನ್ನು ಯಾರಾದರೂ ಪ್ರೀತಿಸಬಹುದು, ನಾನು ಅಂಥವಳು’ ಅನ್ನೋ ಥರದ ಮಾತನ್ನು ಮತ್ತೆ ಮತ್ತೆ ಹೇಳಿಕೊಳ್ಳಿ ಅಂದರು. ಮೊದಲೇ ತಮ್ಮ ಬಗ್ಗೆ ಧೈರ್ಯ ಇದ್ದವರಿಗೆ ಒಂಚೂರು ಅನುಕೂಲ ಆಯ್ತು. ಯಾರು ಒಳಗೇ ಕುಗ್ಗಿದ್ದರೋ, ಅಂದರೆ ಯಾರಿಗೆ ಆ ಮಾತು ನಿಜವಾಗಿ ಬೇಕಿತ್ತೋ, ಅವರು ಇನ್ನಷ್ಟು ಕುಗ್ಗಿದರು. ಬಾಯಿ ಒಂದು ಹೇಳುವಾಗ ಮನಸ್ಸು ‘ಸುಳ್ಳು’ ಅಂತ ಪಕ್ಕದಲ್ಲೇ ಕೂತು ಹೇಳ್ತಿದ್ದರೆ ಇನ್ನೇನಾಗುತ್ತೆ!

ನಿಮ್ಮ ಮಿಲ್ಲಿನಲ್ಲೇ ನೋಡಿ. ಲೋಡ್ ಬಂದ ಕೂಡಲೇ ಚೀಲದಿಂದ ಒಂದು ಹಿಡಿ ಭತ್ತ ತೆಗೆದು ಮೀಟರಿಗೆ ಹಾಕಿ ತೇವಾಂಶ ನೋಡ್ತಾರೆ. ಸರ್ಕಾರದ ಖರೀದಿಗೆ 17 ಪರ್ಸೆಂಟ್ ಮಿತಿ. ಮೀಟರ್ 21 ತೋರಿಸುವಾಗ ನೀವು ಪುಸ್ತಕದಲ್ಲಿ 17 ಅಂತ ಬರೆದರೆ ಕಾಳು ಒಣಗಿಬಿಡುತ್ತಾ? ಚೀಲದೊಳಗೇ ಬಿಸಿಯೇರಿ ಮುಗ್ಗು ಹಿಡಿಯುತ್ತೆ. ಮಾಲೀಕರ ಪುಸ್ತಕದಲ್ಲಿ ಮಾಡದ ಕೆಲಸವನ್ನು ನಿಮ್ಮ ಪುಸ್ತಕದಲ್ಲಿ ಯಾಕೆ ಮಾಡ್ತೀರಿ?

ಒಳ್ಳೆಯದನ್ನು ಬರೆಯೋದೇ ತಪ್ಪು ಅಂತಲ್ಲ. ನಿಜವಾಗಿ ನಡೆದಿದ್ದರೆ ಖಂಡಿತ ಬರೀರಿ. ಗೆಳತಿ ಬುತ್ತಿಯಲ್ಲಿ ನಿಮಗಂತ ಒಂದು ರೊಟ್ಟಿ ಜಾಸ್ತಿ ತಂದಿದ್ದಳು ಅನ್ನೋದು ನಡೆದ ವಿಷಯ, ‘ನನ್ನ ಬಾಳು ಚೆನ್ನಾಗಿದೆ’ ಅನ್ನೋದು ಯಾರದೋ ವಿಡಿಯೊದ ಮಾತು.

ಇನ್ನು ಆ ಸಿಟ್ಟಿನ ಪುಟ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈ ಕ್ಷೇತ್ರದಲ್ಲಿ ಬಹಳ ಹೆಸರುವಾಸಿ. ಕಾಲೇಜು ವಿದ್ಯಾರ್ಥಿಗಳಿಗೆ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ, ಮನಸ್ಸಿಗೆ ತುಂಬಾ ನೋವಾದ ವಿಷಯ ಬರೀರಿ ಅಂದರು. ಏನಾಯ್ತು, ತಮಗೇನನ್ನಿಸಿತು ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆಸ್ಪತ್ರೆಗೆ ಹೋಗಿದ್ದು ಕಡಿಮೆ. ಆದರೆ ಬರೆದು ಎದ್ದ ಕೂಡಲೇ ಅವರ ಮನಸ್ಸು ಮೊದಲಿಗಿಂತ ಭಾರವಾಗಿತ್ತು. ಇದು ನೆನಪಿರಲಿ, ಹಾಗಾದರೆ ಗಾಬರಿ ಬೇಡ. ಆಮೇಲಿನ ಅಧ್ಯಯನಗಳಲ್ಲಿ ಇನ್ನೊಂದು ವಿಷಯ ಕಂಡಿತು: ದಿನದಿಂದ ದಿನಕ್ಕೆ ‘ಯಾಕೆ ಹೀಗಾಯ್ತು’ ಅನ್ನೋದರ ಕಡೆ ಬರಹ ತಿರುಗಿದವರಿಗೆ ಜಾಸ್ತಿ ಉಪಯೋಗವಾಗಿತ್ತು. ಅದಕ್ಕೇ ಹೇಳೋದು, ಟೈಮ್ ಇಟ್ಟುಕೊಂಡು ಬರೀರಿ, ಮೂರ್ನಾಲ್ಕು ದಿನ ಬರೆದು ನಿಲ್ಲಿಸಿ. ದಿನಾ ಅದೇ ಬೈಗುಳ, ಅದೇ ಸಾಲು ಬರ್ತಿದೆ ಅಂದರೆ ಪೆನ್ನು ಕೆಳಗಿಡಿ, ಅದು ಗಾಯ ಕೆರೆದುಕೊಂಡ ಹಾಗೆ. ದಿನಾ ಬರೆಯಲೇಬೇಕು ಅನ್ನೋ ಹಟವೂ ಬೇಡ. ಬರೆದು ಹರಿದು ಹಾಕಿದರೂ ಪರವಾಗಿಲ್ಲ, ಆ ಪ್ರಯೋಗದಲ್ಲಿ ಬರೆದಿದ್ದನ್ನೂ ಯಾರೂ ವಾಪಸ್ ತಂದು ಅವರ ಮನೆಯವರಿಗೆ ಓದಿಸಲಿಲ್ಲ. ಮನೆಯಲ್ಲಿ ಎಲ್ಲರ ಹಾಸಿಗೆ ಎಲ್ಲರೂ ಮಡಚುತ್ತಾರೆ, ಹಾಗಾಗಿ ಡೈರಿ ಮಿಲ್ಲಿನ ನಿಮ್ಮ ಡ್ರಾಯರಿನಲ್ಲಿರಲಿ, ಬೀಗ ಹಾಕಿ.

ಅವ್ವನ ವಿಷಯ. ಅವರು ಕೇಳದೆ ಓದಿದ್ದು ಸರಿಯಲ್ಲ. ಆದರೂ ‘ಯಾಕೆ ಓದಿದೆ’ ಅಂತ ಜಗಳ ತೆಗೆದರೆ ಮಾತು ಅಲ್ಲೇ ಸಿಕ್ಕಿಬೀಳುತ್ತೆ, ಟ್ರ್ಯಾಕ್ಟರಿನ ತನಕ ಬರೋದೇ ಇಲ್ಲ. ‘ಸುಮ್ನೆ ಬರದೆನವ್ವ, ಮನಸಿಗೆ ಹಚ್ಕೋಬ್ಯಾಡ’ ಅಂತ ತೇಲಿಸೋದೂ ಬೇಡ. ಅವರು ಒಬ್ಬರೇ ಇರುವಾಗ ಕೂತು ಹೇಳಿ: ‘ಯವ್ವಾ, ನಾ ಬರದಿದ್ದು ಖರೇ ಐತಿ. ತಮ್ಮನ ಮ್ಯಾಲೆ ನಂಗ ಸಿಟ್ಟೈತಿ, ದ್ವೇಷ ಇಲ್ಲ. ಕಂತು ಕಟ್ಟಿ ಕಟ್ಟಿ ಸಾಕಾಗೇತಿ.’ ಅಷ್ಟು ಸಾಕು. ಅಳಬಹುದು, ಬೈಯಬಹುದು, ‘ಹೆಣ್ಮಗಳಾಗಿ ಇಷ್ಟು ಲೆಕ್ಕ ಹಾಕ್ತೀಯೇನು’ ಅನ್ನಬಹುದು. ಆ ಕೊನೇ ಮಾತಿಗೆ ಉತ್ತರ ಕೊಡೋಕೆ ಹೋಗಬೇಡಿ.

ಯಾಕೆಂದರೆ, ನನಗೆ ನಿಮ್ಮ ಪತ್ರದಲ್ಲಿ ವಿಚಿತ್ರ ಅನಿಸಿದ್ದೇ ಇದು: ನೀವು ಲೆಕ್ಕ ಹಾಕೇ ಇಲ್ಲ. ಊರಿನವರ ಚೀಲ, ತೂಕ, ಹಮಾಲಿ ಎಲ್ಲ ಬರೀತೀರಿ, ಮನೆಗೆ ಇಲ್ಲಿಯವರೆಗೆ ಎಷ್ಟು ಕೊಟ್ಟಿದ್ದೀರಿ ಅನ್ನೋದು ಪತ್ರದಲ್ಲಿ ಎಲ್ಲೂ ಇಲ್ಲ. ಡೈರಿಯ ಹಿಂದಿನ ಪುಟದಿಂದ ಅದನ್ನು ಶುರು ಮಾಡಿ. ಯಾವ ತಿಂಗಳು ಎಷ್ಟು ಕಂತು ಹೋಯ್ತು, ಇನ್ನೆಷ್ಟು ಬಾಕಿ, ನಿಮ್ಮ ಹತ್ತಿರ ಉಳಿದಿದ್ದೆಷ್ಟು. ಅದರಲ್ಲಿ ಬೈಗುಳ ಬೇಡ, ಬರೀ ತಾರೀಕು ಮತ್ತು ರೂಪಾಯಿ. ಸಿಟ್ಟಿನ ಪುಟ ನಿಮಗೆ ಮಾತ್ರ, ಈ ಪುಟ ತಮ್ಮನಿಗೂ ತೋರಿಸೋಕೆ.

ಒಂದು ಮಾತು. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಬದುಕೇ ಬೇಡ ಅನಿಸುತ್ತೆ ಅಂದರೆ ಡೈರಿಯನ್ನೇ ನಂಬಿ ಕೂರಬೇಡಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಬದುಕು ಬೇಡ ಅನಿಸಿದರೆ ಎರಡು ವಾರ ಕಾಯೋದೂ ಬೇಡ, ಆವತ್ತೇ ಮಾಡಿ.

ಮುಂದಿನ ಕಂತಿನ ತಾರೀಕಿಗೆ ಮೊದಲೇ ತಮ್ಮನನ್ನು ಕೂರಿಸಿ ಆ ಪುಟ ತೋರಿಸಿ. ಅರ್ಧ ಅವನು ಕಟ್ಟಬೇಕು, ಇಲ್ಲ ಟ್ರ್ಯಾಕ್ಟರ್ ಮಾರಬೇಕು. ಯಾವುದು ಅಂತ ಅವನೇ ಹೇಳಲಿ. ಹೇಳಿದ್ದನ್ನು ಅವನ ಎದುರಿಗೇ, ತಾರೀಕು ಹಾಕಿ, ಅದೇ ಪುಟದ ಕೆಳಗೆ ಬರೆದುಕೊಳ್ಳಿ.