ತೋಟದ ಕೆಲಸ ಕೆನಡಾದ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿದ ತಮ್ಮನಿಗೆ

ನಿನ್ನ ಪತ್ರ ತಲುಪಿತು, ತಮ್ಮಾ. ಕೊಡಗಿನ ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಪದವಿ ಮುಗಿಸಿ, ಎರಡು ವರ್ಷ ಮನೆಯ ಕಾಫಿ ತೋಟ ನೋಡಿಕೊಂಡು, ಈಗ ಒಂದು ವರ್ಷದಿಂದ ಪಾಲಿಬೆಟ್ಟದ ಬಳಿ ಒಬ್ಬ ಸಾವ್ಕಾರರ ತೋಟದಲ್ಲಿ ಮ್ಯಾನೇಜರ್ ಆಗಿರುವ ನೀನು, ಈ ಮೂರು ವರ್ಷದ ಅನುಭವದ ಮೇಲೆ ಕೆನಡಾದಲ್ಲಿ ಕಾಯಂ ನೆಲೆಸಲು ಕುಶಲ ಕೆಲಸಗಾರರ ವರ್ಗದಲ್ಲಿ ಅರ್ಜಿ ಹಾಕಬಹುದೇ, ಹಣ ಎಷ್ಟು ತೋರಿಸಬೇಕು, ಅಲ್ಲಿಯ ಚಳಿ ತಡೆಯಲು ಆಗುತ್ತದೆಯೇ ಎಂದು ಕೇಳಿದ್ದೀಯ. ಚಳಿಯ ಮಾತನ್ನು ಮೊದಲೇ ಮುಗಿಸುತ್ತೇನೆ. 2018ರ ಫೆಬ್ರವರಿಯಲ್ಲಿ ಟೊರಾಂಟೊ ವಿಮಾನ ನಿಲ್ದಾಣದಿಂದ ಹೊರಬಂದಾಗ ನನ್ನ ಮೈಮೇಲಿದ್ದುದು ಮಡಿಕೇರಿಯ ಮಳೆಗಾಲಕ್ಕೆಂದು ಕೊಂಡಿದ್ದ ಜರ್ಕಿನ್. ಎರಡೇ ನಿಮಿಷದಲ್ಲಿ ಅದರ ಯೋಗ್ಯತೆ ತಿಳಿಯಿತು. ಕೋಟನ್ನು ಇಲ್ಲಿಗೆ ಬಂದ ಮೇಲೆಯೇ ಕೊಳ್ಳು.

ಈಗ ಅಂಕಗಳ ವಿಷಯ. ಈ ವರ್ಗಕ್ಕೆ 100ಕ್ಕೆ 67 ಅಂಕ ಬೇಕು. ನಿನ್ನ ಲೆಕ್ಕವನ್ನು ನಾನೇ ಹಾಕಿ ನೋಡಿದೆ. ಪದವಿಗೆ 21, ವಯಸ್ಸಿಗೆ 12, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಜನರಲ್ ವಿಭಾಗದಲ್ಲಿ ಕೇಳುವುದರಲ್ಲಿ 8, ಉಳಿದ ಮೂರರಲ್ಲಿ 7 ತೆಗೆದರೆ ಭಾಷೆಗೆ 24. ಅನುಭವ ಮೂರು ವರ್ಷವೆಂದಾದರೆ 11, ಒಟ್ಟು 68; ಒಂದೇ ವರ್ಷವೆಂದಾದರೆ 9, ಒಟ್ಟು 66. ಹತ್ತಿರದ ರಕ್ತಸಂಬಂಧಿ ಕೆನಡಾದಲ್ಲಿ ನೆಲೆಸಿದ್ದರೆ ಇನ್ನೂ 5 ಅಂಕ ಸಿಗುತ್ತಿತ್ತು, ಆದರೆ ನೀನು ಪ್ರೀತಿಯಿಂದ ಅಣ್ಣ ಎಂದು ಕರೆದ ಮಾತ್ರಕ್ಕೆ ನಾನು ಆ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ಮನೆಯ ತೋಟದ ಆ ಎರಡು ವರ್ಷಗಳ ಮೇಲೆಯೇ ಎಲ್ಲವೂ ನಿಂತಿದೆ.

ನನ್ನ ಅಭಿಪ್ರಾಯ ಕೇಳುವುದಾದರೆ, ಅವನ್ನು ಮರೆತುಬಿಡು. ನಿಯಮದ ಪ್ರಕಾರ ಸಂಬಳ ಪಡೆದು ಮಾಡಿದ ಕೆಲಸ ಮಾತ್ರ ಅನುಭವ. ಸ್ವಂತ ಉದ್ಯೋಗವೆಂದು ತೋರಿಸಲು ಅವಕಾಶವಿದೆಯಾದರೂ ನೀನೇ ಬರೆದುಕೊಟ್ಟ ಹೇಳಿಕೆಗೆ ಬೆಲೆಯಿಲ್ಲ, ಹೊರಗಿನವರು ಕೊಟ್ಟ ದಾಖಲೆ ಬೇಕು. ನಿಮ್ಮದು ಜಮ್ಮಾ ಜಾಗ, ಅಂದರೆ ಇಡೀ ಮನೆತನಕ್ಕೆ ಸೇರಿದ ವಂಶಪಾರಂಪರ್ಯದ ಭೂಮಿ. ಪಹಣಿಯಲ್ಲಿ (ಆರ್‌ಟಿಸಿ) ಪಟ್ಟೇದಾರರೆಂದು, ಅಂದರೆ ಮನೆತನದ ಹಿರಿಯರೆಂದು, ನಿನ್ನ ತಾತನ ಅಣ್ಣನ ಹೆಸರಿರಬಹುದು, ಕಾಫಿ ಮಾರಿದ ಬಿಲ್ಲು ದೊಡ್ಡಪ್ಪನ ಹೆಸರಿನಲ್ಲಿ, ಸಹಕಾರ ಸಂಘದ ಗೊಬ್ಬರದ ರಸೀದಿ ಅಪ್ಪನ ಹೆಸರಿನಲ್ಲಿ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ್ದರಿಂದ ರಿಟರ್ನ್ಸ್ ಕೂಡ ಇರಲಾರದು. ಎರಡು ವರ್ಷ ನೀನು ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು), ಕಪಾತು (ಗಿಡ ಸವರುವುದು), ಕೊಯ್ಲು ಎಲ್ಲವನ್ನೂ ಮಾಡಿಸಿದ್ದಕ್ಕೆ ಊರೆಲ್ಲ ಸಾಕ್ಷಿ, ಕಾಗದ ಒಂದೂ ಇಲ್ಲ.

ಇದನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಕೃಷಿ ಪದವಿ ಮುಗಿಸಿದ ಮೇಲೆ ನಾನು ಸಿದ್ದಾಪುರದ ಕಡೆಯ ಒಂದು ತೋಟದಲ್ಲಿ ಮೂರು ವರ್ಷ ಮ್ಯಾನೇಜರ್ ಆಗಿದ್ದೆ. ಸಾವ್ಕಾರರು ತಂದೆಯ ಸ್ನೇಹಿತರು. ನೇಮಕದ ಪತ್ರ ಕೇಳುವುದು ಅವರನ್ನು ನಂಬದಂತೆ ಎಂದು ನಮ್ಮ ಮನೆಯಲ್ಲಿ ಭಾವಿಸಿದ್ದರು, ನಾನೂ ಹಾಗೆಯೇ ಭಾವಿಸಿದ್ದೆ. ಸಂಬಳವನ್ನು ತಿಂಗಳ ಮೊದಲ ಶನಿವಾರ ಕವರಿನಲ್ಲಿ ಹಾಕಿ, ಜೊತೆಗೆ ಒಂದು ಲೋಟ ಕಾಫಿ ಕುಡಿಸಿ ಕೊಡುತ್ತಿದ್ದರು. ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆಯಲು ರೈಟರ್ ಇದ್ದರೂ ಮಳೆಪುಸ್ತಕ ಮಾತ್ರ ನನ್ನ ಕೈಯಲ್ಲಿತ್ತು. ದಿನವೂ ಬೆಳಿಗ್ಗೆ ಮಾಪಕದ ನೀರನ್ನು ಅಳೆದು ಇಷ್ಟು ಇಂಚು, ಇಷ್ಟು ಸೆಂಟ್ ಎಂದು ಬರೆಯುತ್ತಿದ್ದೆ. ಕಾಫಿ ಹೂವರಳಿಸುವ ಹೂಮಳೆ ಬಿದ್ದ ದಿನ ಕೆಂಪು ಶಾಯಿಯಲ್ಲಿ ಬರೆಯಬೇಕೆಂಬುದು ಸಾವ್ಕಾರರ ಆಜ್ಞೆ.

ಆಮೇಲೆ ಬೆಂಗಳೂರಿನ ಒಂದು ಕಂಪನಿಗೆ ಸೇರಿ, ಅಲ್ಲಿ ಎರಡು ವರ್ಷವಾದಾಗ ಕೆನಡಾದ ಯೋಚನೆ ಹುಟ್ಟಿತು. ಆ ಎರಡು ವರ್ಷದ ಬಲದಿಂದ 67 ದಾಟಿದೆ. ಆದರೆ 67 ದಾಟಿದವರು ಸಾಲಿನಲ್ಲಿ ನಿಲ್ಲುತ್ತಾರೆ ಅಷ್ಟೆ. ಕರೆ ಬರುವುದು 1,200 ಅಂಕಗಳ ಇನ್ನೊಂದು ಪಟ್ಟಿಯಲ್ಲಿ ಮೇಲಿರುವವರಿಗೆ. ಅಲ್ಲಿ ನನ್ನಷ್ಟು ಇಂಗ್ಲಿಷ್ ಅಂಕ ಇದ್ದವರಿಗೆ ಕೆನಡಾದ ಹೊರಗಿನ ಅನುಭವ ಮೂರು ವರ್ಷ ತುಂಬಿದರೆ 50 ಅಂಕ, ತುಂಬದಿದ್ದರೆ 25. ಸಿದ್ದಾಪುರದ ಮೂರು ವರ್ಷಗಳ ಪತ್ರವೊಂದು ಬೇಕಾಯಿತು. ಫೋನಿನಲ್ಲಿ ಕೇಳಲು ಸಂಕೋಚ, ಊರಿಗೆ ಹೋದಾಗ ಕೇಳಿದರಾಯಿತೆಂದು ತಿಂಗಳುಗಟ್ಟಲೆ ಮುಂದೂಡಿದೆ. ಸಾವ್ಕಾರರು ಕಾಯಿಲೆ ಬಿದ್ದಾಗ ನೋಡಲೂ ಹೋಗಲಿಲ್ಲ. ಹೋದದ್ದು ಅವರು ತೀರಿಕೊಂಡ ಮೇಲೆ, ಮಾದದ (ತಿಥಿಯ) ದಿನ, ಜೇಬಿನಲ್ಲಿ ಬೆಂಗಳೂರಿನಲ್ಲಿ ಟೈಪ್ ಮಾಡಿಸಿದ ಪತ್ರ ಇಟ್ಟುಕೊಂಡು. ಊಟ ಮುಗಿಸಿ ಜನ ಕರಗಿದ ಮೇಲೆ ಅವರ ಮಗನನ್ನು ಕಣದ ಕಡೆಗೆ ಕರೆದುಕೊಂಡು ಹೋಗಿ ಸಹಿ ಕೇಳಿದೆ. ಅವನು ಓದದೆ ಸಹಿ ಹಾಕಿದ. ‘ಅಪ್ಪ ನಿನ್ನನ್ನು ಕೇಳುತ್ತಿದ್ದರು’ ಎಂದಷ್ಟೇ ಹೇಳಿದ.

ಆ ಪತ್ರದಿಂದ ಏನೂ ಪ್ರಯೋಜನವಾಗಲಿಲ್ಲ. ಸಂಬಳ ಬಂದದ್ದಕ್ಕೆ ಬ್ಯಾಂಕಿನಲ್ಲಿ ಒಂದು ಸಾಲೂ ಇಲ್ಲದ ಮೇಲೆ, ಆ ಕಾಲದಲ್ಲಿ ತೋಟ ನಡೆಸದಿದ್ದ ಮಗನ ಸಹಿಯನ್ನು ಯಾರು ನಂಬುತ್ತಾರೆ ಎಂದು ಕಾಗದ ನೋಡಿದವರು ಹೇಳಿದರು. ಪೇ ಸ್ಲಿಪ್ ಮಾಡಿಸಿಕೊಡುತ್ತೇನೆಂದು ಮುಂದೆ ಬಂದವರೂ ಇದ್ದರು; ಅಂಥವರು ನಿನ್ನ ಬಳಿಗೂ ಬಂದಾರು. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಐದು ವರ್ಷ ಬಾಗಿಲು ಮುಚ್ಚುತ್ತದೆ. ನಾನು ಬೆಂಗಳೂರಿನಲ್ಲಿ ಮೂರನೆಯ ವರ್ಷ ತುಂಬುವವರೆಗೆ ಕಾದೆ. ಅಷ್ಟರಲ್ಲಿ ಮೂವತ್ತು ತುಂಬಿ ಆ 1,200ರ ಪಟ್ಟಿಯಲ್ಲಿ ವಯಸ್ಸಿನ ಅಂಕ 110ರಿಂದ 105ಕ್ಕಿಳಿಯಿತು. ಆ ಐದು ಅಂಕದ ಚಿಂತೆ ನನಗೆ ಎಂದೋ ಹೋಗಿದೆ. ಆ ಪತ್ರ ಮಾತ್ರ ಇನ್ನೂ ನನ್ನ ಕಡತದಲ್ಲಿದೆ, ಹರಿದು ಹಾಕಲು ಮನಸ್ಸು ಬಂದಿಲ್ಲ.

ತೋರಿಸಬೇಕಾದ ಹಣದ ಮೊತ್ತ ವರ್ಷವರ್ಷವೂ ಬದಲಾಗುವುದರಿಂದ ಸರ್ಕಾರದ ಪುಟದಲ್ಲೇ ನೋಡಿಕೊ. ಸಾಲ ತಂದು ತೋರಿಸುವಂತಿಲ್ಲ, ತೋಟದ ಬೆಲೆಯನ್ನು ಸೇರಿಸುವಂತಿಲ್ಲ. ಐವತ್ತು ಎಕರೆ ಕಾಫಿ ಇದ್ದವನೂ ಬ್ಯಾಂಕಿನ ಆರು ತಿಂಗಳ ಸರಾಸರಿಯ ಮುಂದೆ ಬರಿಗೈಯವನೇ. ಮನೆಹೆಸರು ಮೊದಲು ಬರುವ ನಮ್ಮ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೀತಿ ಇದ್ದರೆ ಈಗಲೇ ಸರಿಪಡಿಸಿಕೊ. ನಿನ್ನ ಪದವಿ ಕೆನಡಾದ ಪದವಿಗೆ ಸಮವೆಂದು ಹೇಳುವ ಮೌಲ್ಯಮಾಪನದ ವರದಿ ಐದು ವರ್ಷ ಮಾನ್ಯ, ಇಂಗ್ಲಿಷ್ ಫಲಿತಾಂಶ ಎರಡೇ ವರ್ಷ. ಆದ್ದರಿಂದ ಪರೀಕ್ಷೆಗೆ ಅವಸರ ಬೇಡ.

ಅವಸರ ಮಾಡಬೇಕಾದದ್ದು ಪಾಲಿಬೆಟ್ಟದಲ್ಲಿ. ಅಲ್ಲಿ ಇನ್ನೊಂದು ವರ್ಷ ಪೂರೈಸಿದರೆ ಎರಡು ವರ್ಷದ ಅನುಭವಕ್ಕೂ 11 ಅಂಕವೇ, ನಿನ್ನ 68 ತುಂಬುತ್ತದೆ. ಆದರೆ ಸಂಬಳ ಇನ್ನು ಮುಂದೆ ಬ್ಯಾಂಕಿಗೇ ಬರಲಿ, ಇದುವರೆಗೆ ಕೊಟ್ಟದ್ದಕ್ಕೂ ತೋಟದ ಲೆಕ್ಕದ ಪುಸ್ತಕದ ನಕಲು ತೆಗೆದುಕೊ. ತೋಟದ ಲೆಟರ್‌ಹೆಡ್ಡಿನಲ್ಲಿ ಹುದ್ದೆ, ಸೇರಿದ ದಿನ, ವಾರಕ್ಕೆ ಎಷ್ಟು ಗಂಟೆ ಕೆಲಸ, ವರ್ಷದ ಸಂಬಳ, ಏನೇನು ಜವಾಬ್ದಾರಿ ಎಂಬುದನ್ನು ಬರೆಸಿ, ಸಾವ್ಕಾರರ ಸಹಿಯೇ ಹಾಕಿಸಿಕೊ. ಕೊಯ್ಲು ಶುರುವಾದರೆ ಅವರಿಗೆ ಪುರುಸೊತ್ತು ಇರುವುದಿಲ್ಲ, ಅದಕ್ಕೆ ಮೊದಲೇ ಕೇಳು. ‘ಬಿಟ್ಟು ಹೋಗುತ್ತೀಯಾ?’ ಎಂದು ಅವರು ಖಂಡಿತ ಕೇಳುತ್ತಾರೆ. ಈ ಕೊಯ್ಲು ಮುಗಿಸಿಕೊಟ್ಟೇ ಹೋಗುತ್ತೇನೆಂದು ನಿಜವನ್ನೇ ಹೇಳು.