ಹಳೆಯ ಕಥೆ ಗೊತ್ತಿಲ್ಲದಿದ್ದರೂ ಧೈರ್ಯವಾಗಿ ಶುರು ಮಾಡಿ

ಈ ವಾರದ ಹೊಸ ಕಾಮಿಕ್ಸ್ ಸಂಚಿಕೆಗಳಲ್ಲಿ 'ಆಬ್ಸಲ್ಯೂಟ್ ಬ್ಯಾಟ್‌ಮ್ಯಾನ್' ತಗೊಳ್ಳಲಾ, 'ಆಬ್ಸಲ್ಯೂಟ್ ವಂಡರ್ ವುಮನ್' ತಗೊಳ್ಳಲಾ, ಹಳೆಯದೇನೂ ಓದಿಲ್ಲ ಅಂತ ಕೇಳಿದ್ದೀರಿ. ಹಳೆಯದು ಓದದೇ ಇದ್ದರೂ ಏನೂ ತೊಂದರೆ ಇಲ್ಲ. ಕಾಮಿಕ್ಸ್ ಪ್ರಕಾಶಕರಾದ ಡಿಸಿಯವರು 2024ರ ಅಕ್ಟೋಬರ್‌ನಲ್ಲಿ ಈ ಎರಡನ್ನೂ ಹೊಸದಾಗಿಯೇ ಶುರು ಮಾಡಿದರು. ಆದರೆ ನಡುವಿನ ಸಂಚಿಕೆಯಿಂದ ಹಿಡಿಯಬೇಡಿ, ಮೊದಲ ಸಂಚಿಕೆಗಳನ್ನು ಒಟ್ಟುಗೂಡಿಸಿದ ಮೊದಲ ಸಂಪುಟದಿಂದಲೇ ಓದಿ.

ನನ್ನ ಓಟು ವಂಡರ್ ವುಮನ್‌ಗೆ. ಇಲ್ಲಿ ಡಯಾನಾ (ಅವಳೇ ವಂಡರ್ ವುಮನ್) ಬೆಳೆಯುವುದು ಅಮೆಜಾನ್ ಎಂಬ ವೀರ ಮಹಿಳೆಯರ ದ್ವೀಪದಲ್ಲಲ್ಲ, ನರಕದಲ್ಲಿ. ಸಾಕುವವಳು ಮಾಟಗಾತಿ ಸರ್ಸಿ. ಅಂಥ ಜಾಗದಲ್ಲಿ ಬೆಳೆದ ಹುಡುಗಿಗೆ ಅಷ್ಟು ಕರುಣೆ ಎಲ್ಲಿಂದ ಬಂತು? ಲೇಖಕಿ ಕೆಲ್ಲಿ ಥಾಂಪ್ಸನ್ ಇದನ್ನು ಭಾಷಣ ಮಾಡಿಸದೆ, ತಾಯಿ-ಮಗಳ ಚಿಕ್ಕ ಚಿಕ್ಕ ಮಾತುಗಳಲ್ಲೇ ತೋರಿಸುತ್ತಾರೆ. ಹೇಡನ್ ಶರ್ಮನ್ ಚಿತ್ರಗಳನ್ನಂತೂ ನಿಧಾನವಾಗಿ ನೋಡಿ. ಪುಟದ ಚೌಕಟ್ಟುಗಳೇ ಕಥೆಯ ಜೊತೆ ಆಕಾರ ಬದಲಿಸುತ್ತವೆ. ಸುಮ್ನೆ ಪುಟ ತಿರುಗಿಸಿದರೆ ಅರ್ಧ ಮಜಾ ಹೋಗುತ್ತದೆ.

ಬ್ಯಾಟ್‌ಮ್ಯಾನ್ ಕೂಡ ಚೆನ್ನಾಗಿದೆ. ಬ್ರೂಸ್ (ಅವನೇ ಬ್ಯಾಟ್‌ಮ್ಯಾನ್) ಇಲ್ಲಿ ಸಾಹುಕಾರನಲ್ಲ, ಅಮ್ಮ ಬದುಕಿದ್ದಾಳೆ, ಎದೆಯ ಮೇಲಿನ ಬಾವಲಿ ಗುರುತೇ ಕೊಡಲಿಯಾಗುತ್ತದೆ! ಹೊಡೆದಾಟ, ರಕ್ತ ಜಾಸ್ತಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರ ಕೈಗೆ ಕೊಡಬೇಡಿ.

ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಬ್ಲಾಸಮ್, ಬುಕ್‌ವರ್ಮ್ ಪುಸ್ತಕದಂಗಡಿಗಳಲ್ಲಿ ಸಂಪುಟ ಇದೆಯಾ ಅಂತ ಫೋನ್ ಮಾಡಿ ಕೇಳಿಕೊಂಡು ಹೋಗಿ. ಓದಿದ ಮೇಲೆ ಸರ್ಸಿ ಹೇಗನಿಸಿದಳು ಅಂತ ಖಂಡಿತ ಬರೆಯಿರಿ.