ಪ್ರತಿಕ್ರಿಯೆ: ಡೌನ್‌ಪೈಪ್ ಹಾಕಿಸಿದ ಮೇಲೆ ಆಕ್ಟೇವಿಯಾ ಆರ್‌ಎಸ್ 230 ಥಟ್ಟನೆ ಶಕ್ತಿ ಕಳೆದುಕೊಳ್ಳುತ್ತಿದೆ

ನಿಮ್ಮ ಸ್ಕೋಡಾ ಕಾರಿನ ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಗೊಯ್ಯುವ ಪೈಪ್) ಬದಲಾಗಿದೆ, ಎಂಜಿನ್ ಸಾಫ್ಟ್‌ವೇರ್ ಕಂಪನಿಯದ್ದೇ ಇದೆ. ಬಹುಶಃ ತೊಂದರೆ ಅಲ್ಲೇ. ಹೊಗೆ ಸಲೀಸಾಗಿ ಹೋದರೆ ಟರ್ಬೊ (ಹೊಗೆಯ ಬಲದಿಂದ ಎಂಜಿನ್‌ಗೆ ಗಾಳಿ ತುಂಬುವ ಭಾಗ) ಬೇಗ ತಿರುಗುತ್ತದೆ, ಬೂಸ್ಟ್, ಅಂದರೆ ಆ ಗಾಳಿಯ ಒತ್ತಡ, ಮಿತಿ ದಾಟುತ್ತದೆ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಶಕ್ತಿ ಕತ್ತರಿಸುತ್ತದೆ. ಮೂರನೇ ಗೇರ್‌ನಲ್ಲಿ ಪೂರ್ತಿ ಒತ್ತಿದಾಗ ಗಾಡಿ ಸತ್ತಂತಾಗುವುದು ಅದಕ್ಕೇ ಇರಬೇಕು.

ಮೊದಲು ಸ್ಕ್ಯಾನರ್ ಹಾಕಿ ದೋಷದ ಕೋಡ್ ಓದಿಸಿ. ಪಿ0234 ಬಂದರೆ ಬೂಸ್ಟ್ ಜಾಸ್ತಿ, ನನ್ನ ಊಹೆ ಸರಿ. ಪಿ0299 ಬಂದರೆ ಬೂಸ್ಟ್ ಕಡಿಮೆ, ಊಹೆ ತಪ್ಪು, ಎಲ್ಲೋ ಗಾಳಿ ಸೋರುತ್ತಿರಬಹುದು. ಇಂಟರ್‌ಕೂಲರ್ (ಟರ್ಬೊದ ಗಾಳಿ ತಣ್ಣಗಾಗಿಸುವ ಭಾಗ) ಪೈಪ್‌ಗಳ ಕ್ಲ್ಯಾಂಪ್ ಒಂದೊಂದಾಗಿ ನೋಡಿಸಿ. ನನ್ನ ಗಾಡಿಯಲ್ಲಿ ಒಂದು ಕ್ಲ್ಯಾಂಪ್ ಸಡಿಲ ಇತ್ತು, ಸುಮ್ನೆ ಟರ್ಬೊ ಬಿಚ್ಚಿಸಲು ಹೊರಟಿದ್ದೆ! ಪಿ0420 ಬಂದರೆ ಅದು ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ (ಕ್ಯಾಟ್) ಸಂಬಂಧಿಸಿದ್ದು. ಅದರಿಂದ ಪಿಕಪ್ ಹೋಗುವುದಿಲ್ಲ. ಆದರೆ ನಿಮ್ಮ ಪೈಪ್‌ನಲ್ಲಿ ಕ್ಯಾಟ್ ಇಲ್ಲದಿದ್ದರೆ ಹೊಗೆ ತಪಾಸಣೆ ಪಾಸಾಗುವುದು ಕಷ್ಟ. ಹೈ-ಫ್ಲೋ ಕ್ಯಾಟ್ (ಹೊಗೆಗೆ ಹೆಚ್ಚು ಅಡ್ಡಿಯಾಗದ ಕ್ಯಾಟ್) ಇರುವುದನ್ನೇ ಹಾಕಿಸಿ.

ಸೋರಿಕೆ ಇಲ್ಲ ಎಂದಾದ ಮೇಲೆ ಸ್ಟೇಜ್ 2 ಮ್ಯಾಪ್, ಅಂದರೆ ಬದಲಾದ ಡೌನ್‌ಪೈಪ್‌ಗೆ ಹೊಂದುವ ಇಸಿಯು ಸಾಫ್ಟ್‌ವೇರ್ ಹಾಕಿಸಿ. ಟ್ಯಾಂಕ್‌ಗೆ 95 ಆಕ್ಟೇನ್ ಪೆಟ್ರೋಲ್ ಹಾಕಿ, ಮ್ಯಾಪ್ ಕೂಡ ಅದಕ್ಕೇ ಮಾಡಿದ್ದಿರಲಿ. ಲಾಗ್ (ಗಾಡಿ ಓಡುವಾಗಿನ ಎಂಜಿನ್ ಅಂಕಿಗಳ ದಾಖಲೆ) ತೆಗೆಯುವುದು ಡೈನೊ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲಾದರೆ ಒಳ್ಳೆಯದು. ಬೈಪಾಸ್‌ನಲ್ಲಿ ಲಾರಿಗಳ ನಡುವೆ ಖಂಡಿತ ಬೇಡ. ಹುಬ್ಬಳ್ಳಿಯ ಏಪ್ರಿಲ್ ಮಧ್ಯಾಹ್ನವೂ ಬೇಡ, ಒಳಗೆ ಹೋಗುವ ಗಾಳಿ ಬಿಸಿಯಾದರೆ ಇಸಿಯು ತಾನೇ ಟೈಮಿಂಗ್ (ಕಿಡಿ ಹೊತ್ತುವ ಸಮಯ) ಹಿಂದೆಳೆಯುತ್ತದೆ, ಶಕ್ತಿ ಕಡಿಮೆಯಾಗುತ್ತದೆ.

ಗೇರ್‌ಬಾಕ್ಸ್ ಮರೆಯಬೇಡಿ. ಟಾರ್ಕ್ (ಎಂಜಿನ್‌ನ ತಿರುಗಿಸುವ ಬಲ) ಕಂಪನಿಯ 350 ಎನ್‌ಎಂ ಮೀರಿದ ಮೇಲೆ ಡಿಎಸ್‌ಜಿ (ಈ ಗಾಡಿಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಸಾಫ್ಟ್‌ವೇರ್ ಕೂಡ ಬದಲಿಸಬೇಕಾಗುತ್ತದೆ. 60,000 ಕಿ.ಮೀ.ಗೆ ಬದಲಿಸಬೇಕಾದ ಗೇರ್‌ಬಾಕ್ಸ್ ಆಯಿಲ್ ಬದಲಾಗಿಲ್ಲವೆಂದರೆ ಮ್ಯಾಪ್‌ಗಿಂತ ಮೊದಲು ಅದು. ಕೋಡ್ ಯಾವುದು ಬಂತು ಎಂದು ಇಲ್ಲೇ ಬರೆಯಿರಿ.